ಹನ್ನೊಂದು ನಲವತ್ತು

ಪುಣೆ, ಶಿವಾಜಿನಗರ. ಪೊಲೀಸ್ ಲೈನಿನ ಹಿಂದಿನ ಹಾಲು.
ಮೊದಲ ಇಲ್ಲಿ ಬ್ಯಾಂಡಿನವರು ತುತ್ತೂರಿ ಇಡತಿದ್ರು.
ಈಗ ಇಪ್ಪತ್ತ ಕಂಪ್ಯೂಟರು, ಸೋರೂ ಎಸಿ ಒಂದು,
ಆರ ದಿನದ ತರಬೇತಿ.
ನನ್ನ ಹೆಸರು ಯಾರು ಹಚ್ಚಿದ್ರೋ.
ನಿವೃತ್ತಿಗೆ ಹದಿನಾಲ್ಕ ತಿಂಗಳು ಉಳಿದ ಹವಾಲ್ದಾರಗ
ಮಷೀನಿಗೆ ಬುದ್ಧಿ ಹೇಳೂದ ಕಲಿಸ್ತಾರಂತ!

ಮೇಡಂ ಸಣ್ಣಾಕಿ. ಮೃಣ್ಮಯಿ ಬರ್ವೆ.
ಬೋರ್ಡಿನ ಮ್ಯಾಲ ಏನೂ ಬರೀಲಿಲ್ಲ, ಕೇಳಿದ್ಳು:
"ಆದದ್ದನ್ನ ಆದಾಗ ಬರದವರು ಎಷ್ಟ ಮಂದಿ?
ಆಮ್ಯಾಲ ನೆನಸಿ ಬರದವರು ಎಷ್ಟ ಮಂದಿ?"
ನಕ್ಕಿವಿ. ಯಾರೂ ಕೈ ಎತ್ತಲಿಲ್ಲ.
"ಇರಲಿ," ಅಂದ್ಳು. "ಇದು ಕಣ್ಣಿಲ್ಲದ ಶಾಣ್ಯಾ.
ನೀವು ಬರದದ್ದ ಇದಕ್ಕ ಊರು,
ನೀವು ನಡದಷ್ಟ ಇದಕ್ಕ ದಾರಿ."

ನಾಲ್ಕನೇ ದಿನ ಫೌಜದಾರ ಥೋಪಟೆ ಎದ್ದ.
ಹೊಸಾ ಹುಡುಗ, ಇಸ್ತ್ರಿಯ ಗೆರಿ ಬ್ಲೇಡಿನಂಗ.
ಪರದೆ ಮ್ಯಾಲ ಹಡಪಸರದ ನಕ್ಷೆ,
ಕಾಲುವಿ ದಂಡಿಗೆ ಒಂದ ಕೆಂಪ ಮಚ್ಚಿ,
ಯಾರೋ ಊದಿದ ಕೆಂಡಧಂಗ.
"ಹದಿನೇಳ ವರ್ಷದ ದಾಖಲೆ ತಿನಿಸೀನಿ, ಮೇಡಂ.
ಸಂಶಯಾಸ್ಪದ ಹಾಲಚಾಲು, ಇದೇ ಜಾಗಾ,
ರಾತ್ರಿ ಹನ್ನೊಂದು ನಲವತ್ತಕ್ಕ ಎಲ್ಲಾಕಿಂತ ಜಾಸ್ತಿ.
ಹನ್ನೊಂದೂವರಿಗೆ ಗಾಡಿ ನಿಲ್ಲಿಸಿದ್ರ ಮುಗೀತು."
ಚಪ್ಪಾಳಿ ಬಿತ್ತು.

ನನ್ನ ಬಾಯಾಗ ಚಹಾದ ರುಚಿ ಬಂತು.

ಹನ್ನೊಂದು ನಲವತ್ತು.
ಚೌಕಿಗೆ ಬಾಬುಲಾಲನ ಕೊನೇ ಕಿಟ್ಲಿ ಬರೂ ಹೊತ್ತು.
ಒಂದ ಕೈಯಾಗ ಗ್ಲಾಸು, ಒಂದ ಕೈಯಾಗ ಪೆನ್ನು,
ಹನ್ನೆರಡರ ಬಸ್ ತಪ್ಪಬಾರದಂತ
ದಿನದ ಡೈರಿ ಒಂದ ಉಸುರಿಗೆ ಮುಗಿಸ್ತಿದ್ದೆ.
ಎಲ್ಲೇ ಸೈಕಲ್ ಹೋಗಲಿ, ಯಾರದೇ ಸರಾ ಹರೀಲಿ,
ಸಾಹೇಬ್ರು ಕೇಳಿದ್ರ ಹೇಳಾಕ ಒಂದ ಹೆಸರ ಬೇಕಲ್ಲ,
ಕಾಲುವಿ ದಂಡಿಗೆ ಪಾರ್ಧಿಗಳ ಗುಡಾರ ಇದ್ದುವು,
ಅಲ್ಲೊಬ್ಬ ಝುಂಬರ ಕಾಳೆ ಇದ್ದ.
ಬಂಗಲೆಯವರ ಹುಡುಗೂರು ಕುಡದು ಗಾಡಿ ಗುದ್ದಿದ್ರ
ಫೋನಿನ್ಯಾಗ ಮುಗೀತಿತ್ತು, ಡೈರಿಗೆ ಬರ್ತಿರಲಿಲ್ಲ.
ಝುಂಬರ ಬರ್ತಿದ್ದ.
ಒಂಬತ್ತ ಸಲ ಹಿಡಕೊಂಡ ಬಂದೀನಿ.
ಒಂದ ಸಲಾನೂ ಅವನ ಹಂತ್ಯಾಕ ಏನೂ ಸಿಗಲಿಲ್ಲ.
ಕಡೀಕಡೀಕ ಕರಿಯೂದಕ್ಕ ಮೊದಲ ತಾನ ಬಂದು
ಬಾಕಿನ ಮ್ಯಾಲ ಕುಂದರ್ತಿದ್ದ.
ಅರ್ಧ ಚಹಾ ಅವಗ ಕೊಡ್ತಿದ್ದೆ.
ಅದನ್ನ ಎಲ್ಲೂ ಬರದಿಲ್ಲ.

ಎದ್ದ ನಿಂತೆ. ಮೊಣಕಾಲು ಚಟಕ್ ಅಂತು.
"ಮೇಡಂ, ಅದು ಕಳ್ಳರ ಹೊತ್ತಲ್ರಿ.
ನನ್ನ ಚಹಾದ ಹೊತ್ತು."

ಥೋಪಟೆ ಮೊದಲ ನಕ್ಕ. ಆಮ್ಯಾಲ ನಗಲಿಲ್ಲ.
ಸೋಮವಾರ ಆಯುಕ್ತರ ಮುಂದ ತೋರಸೂದಿತ್ತು ಅಂವ.
"ಹಂಗಾದ್ರ ಅಳಿಸಿ ಬಿಡ್ತೀನಿ, ಬಿರಾಜದಾರ ಮಾಮಾ.
ನಾನೂರಾ ಹನ್ನೆರಡ ಸಾಲು, ಒಂದ ಗುಂಡಿ ಒತ್ತಿದ್ರ..."
ಬ್ಯಾಡ, ಅಂದೆ. ಅಳಿಸಿದ್ರ ಪಾರಾಗಾಂವ ನಾನ.
ಬಾಜೂಕ ಇನ್ನೊಂದ ಖಾನೆ ಹಾಕ್ರಿ:
ಕಣ್ಣಿಲೆ ಕಂಡದ್ದೇನು?

ಎರಡ ಸಂಜಿ ಕುಂತೆ, ಎರಡ ಬೆರಳಿಲೆ ಕುಟಕೋತ.
ಏನೂ ಇಲ್ಲ. ಏನೂ ಇಲ್ಲ. ನಾಯಿ ಬೊಗಳಿತು.
ಏನೂ ಇಲ್ಲ. ಹೆಣಮಗಳೊಬ್ಬಾಕಿ ಕೊಡಾ ತಗೊಂಡ ಹೊಂಟಿದ್ಳು.
ನೆನಪಿಲ್ಲ. ನೆನಪಿಲ್ಲ.
ಒಂದ ಸಾಲಿಗೆ: ಹೌದು, ಒಬ್ಬಾಂವ ಓಡಿದ, ಕಂಡೀನಿ,
ಮಾರಿ ಕಂಡಿಲ್ಲ.
ಏನೂ ಇಲ್ಲ.
ಮೇಡಂ ಪಕ್ಕದಾಗ ಸುಮ್ಮನ ಕುಂತಿದ್ಳು. ಒಮ್ಮೆ ಮಾತ್ರ
"ನೆನಪಿಲ್ಲ ಅನ್ನೂದೂ ಮಾಹಿತೀನ," ಅಂದ್ಳು.
ಕೆಂಪ ಮಚ್ಚಿ ಕರಗಿತು, ಪೂರ್ತಿ ಅಲ್ಲ.

ಕೊನೇ ದಿನ ಹಡಪಸರದಾಗ ಇಳದೆ.
ಗುಡಾರ ಇಲ್ಲ. ಟೈಲ್ಸಿನ ಅಂಗಡಿ, ದೊಡ್ಡ ಗಾಜು.
ಝುಂಬರ ಎಲ್ಲಿಗೆ ಹೋದ ಅಂತ
ಕೇಳಬೇಕಂದ್ರ ಕೇಳಾಕ ಯಾರೂ ಇಲ್ಲ.
ಕಾವಲುಗಾರ ಹುಡುಗ ಬ್ಯಾಟರಿ ನನ್ನ ಮಾರಿಗೆ ಬಿಟ್ಟ.
"ಯಾರ್ ನೀವು? ಈ ಹೊತ್ತಿನ್ಯಾಗ ಇಲ್ಲೇನ ಕೆಲಸ?"
ಬಾಯಿಗೆ ಏನೂ ಬರಲಿಲ್ಲ.
ಗಡಿಯಾರ ನೋಡಕೊಂಡೆ.
ಒಂಬತ್ತೂ ಹತ್ತು.